ಮೂರು ಊರುಗಳ ಸ್ಕ್ಯಾನ್ ಡಾಕ್ಟ್ರು

ಅವರ ಕೆಲಸದ ಕೊನೆಯ ದಿನ ನಾವು ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಗಂಧದ ಹಾರ ತಂದಿಟ್ಟಿದ್ದೆವು. ಸ್ಕ್ಯಾನ್ ಸೆಂಟರಿನ ಮಾಲೀಕರು ನಾಲ್ಕು ಮಾತಾಡಲು ಚೀಟಿ ಬರೆದುಕೊಂಡು ಬಂದಿದ್ದರು. ಮೇಡಂ ಎಂದಿನಂತೆ ಒಂಬತ್ತೂವರೆಗೆ ಬಂದರು, ಏಳು ವರದಿ ಮುಗಿಸಿದರು, ಕುರ್ಚಿಯ ಮೇಲಿದ್ದ ತಮ್ಮ ಹತ್ತಿಯ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದರು. ಶಾಲು ನೋಡಿ, “ಇದೆಂತ, ನಾನು ಯಕ್ಷಗಾನದವಳಾ?” ಎಂದರು. ಬುಟ್ಟಿಯಿಂದ ಒಂದು ಮೂಸಂಬಿ ತೆಗೆದುಕೊಂಡು, ಉಳಿದದ್ದನ್ನು ಬೆಂಚಿನಲ್ಲಿ ಕಾಯುತ್ತಿದ್ದವರಿಗೆ ಹಂಚಲು ಹೇಳಿ, ಕಾರು ಹತ್ತಿ ಹೋದರು. ಮಾಲೀಕರ ಚೀಟಿ ಜೇಬಿನಲ್ಲೇ ಉಳಿಯಿತು. ಅದರಲ್ಲಿ ಏನಿತ್ತೋ ನನಗೆ ತಿಳಿಯದು. ನನಗೆ ಹೇಳಲಿಕ್ಕಿರುವುದನ್ನು ಇಲ್ಲಿ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ, ಬರೆದರೆ ಬೈಯುತ್ತಾರೆ.

ನಾನು ಪುತ್ತಿಗೆಯವಳು. ಮೂಡುಬಿದಿರೆಯ ಆ ಸೆಂಟರಿನಲ್ಲಿ ಸಿ.ಟಿ. ಸ್ಕ್ಯಾನ್ ಟೆಕ್ನೀಶಿಯನ್. ರೋಗಿಯನ್ನು ಮಲಗಿಸಿ ಚಿತ್ರ ತೆಗೆಯುವುದು ನನ್ನ ಕೆಲಸ. ಆ ಚಿತ್ರ ಓದಿ, ಒಳಗೆ ಏನಾಗಿದೆ ಎಂದು ಬರೆಯುವುದು ಮೇಡಂ ಕೆಲಸ. ವಾರದಲ್ಲಿ ಎರಡು ದಿನ ಬಂಟ್ವಾಳ, ಎರಡು ದಿನ ಬೆಳ್ತಂಗಡಿ, ಎರಡು ದಿನ ನಮ್ಮಲ್ಲಿ. ಕಾರನ್ನು ತಾವೇ ಓಡಿಸುತ್ತಿದ್ದರು. ಮೂರು ಊರಿನವರೂ ಅವರನ್ನು ‘ಸ್ಕ್ಯಾನ್ ಡಾಕ್ಟ್ರು’ ಎಂದೇ ಕರೆಯುತ್ತಿದ್ದರು. ಅಂಥ ಡಾಕ್ಟರನ್ನು ಸಾಮಾನ್ಯವಾಗಿ ರೋಗಿಗಳು ನೋಡಿಯೇ ಇರುವುದಿಲ್ಲ. ಅವರು ಒಳಗೆ ಕತ್ತಲ ಕೋಣೆಯಲ್ಲಿರುತ್ತಾರೆ, ಇವರು ಹೊರಗೆ ಬೆಂಚಿನಲ್ಲಿರುತ್ತಾರೆ. ನಮ್ಮ ಮೇಡಂ ಮಾತ್ರ ಗಂಟೆಗೊಮ್ಮೆಯಾದರೂ ಎದ್ದು ಬೆಂಚಿನ ಹತ್ತಿರ ಬರುತ್ತಿದ್ದರು. “ಚಿತ್ರ ಅರ್ಧ ಹೇಳ್ತದೆ. ಇನ್ನರ್ಧ ಹೊರಗೆ ಕೂತಿರ್ತದೆ” ಎನ್ನುತ್ತಿದ್ದರು.

ಅವರ ವರದಿ ಚಿಕ್ಕದು. ವರದಿಯ ಕೊನೆಗೆ ಎಲ್ಲರೂ ಬರೆಯುವ ಒಂದು ವಾಕ್ಯವುಂಟು, ರೋಗಲಕ್ಷಣಗಳೊಂದಿಗೆ ತಾಳೆ ನೋಡಿಕೊಳ್ಳಿ ಎಂದು. ಟೈಪು ಮಾಡುವ ಹುಡುಗಿ ಒಮ್ಮೆ ಅಭ್ಯಾಸಬಲದಿಂದ ಅದನ್ನು ಸೇರಿಸಿಬಿಟ್ಟಳು. ಮೇಡಂ ಆ ಸಾಲಿಗೆ ಅಡ್ಡಗೆರೆ ಎಳೆದು, “ಇದರ ಅರ್ಥ ಗೊತ್ತುಂಟಾ? ‘ನನಗೆ ಗೊತ್ತಾಗ್ಲಿಲ್ಲ, ನೀವೇ ನೋಡ್ಕೊಳ್ಳಿ’ ಅಂತ. ನನಗೆ ಗೊತ್ತಾಗದಿದ್ರೆ ನಾನು ಫೋನ್ ಮಾಡ್ತೇನೆ” ಎಂದರು. ಮಾಡುತ್ತಲೂ ಇದ್ದರು. ಬೆಳ್ತಂಗಡಿಯ ಮಕ್ಕಳ ಡಾಕ್ಟರು, ಮಂಗಳೂರಿನ ದೊಡ್ಡ ಸರ್ಜನ್ನರು, ಯಾರಾದರೂ ಸರಿ, ಊಟದ ಹೊತ್ತೋ ಕ್ಲಿನಿಕ್ಕಿನ ಹೊತ್ತೋ ನೋಡದೆ ಫೋನ್ ಹೋಗುತ್ತಿತ್ತು.

ಅವರಿಂದ ನಾನು ಮೊದಲ ಬೈಗುಳ ತಿಂದದ್ದು ಕೆಲಸಕ್ಕೆ ಸೇರಿದ ಎರಡನೇ ವಾರ. ಮೂರು ವರ್ಷದ ಒಂದು ಮಗು ಸ್ಕ್ಯಾನಿನ ನಡುವೆ ತಲೆ ಹೊರಳಿಸಿತು. ಚಿತ್ರ ಕಲಸಿಹೋಯಿತು. ನಾನು ಇನ್ನೊಮ್ಮೆ ತೆಗೆದೆ, ಅದೂ ಹಾಳಾಯಿತು, ಮೂರನೇ ಸಲಕ್ಕೆ ಗುಂಡಿಗೆ ಕೈಹಾಕಿದ್ದೆ. ಮೇಡಂ ಹಿಂದಿನಿಂದ ಬಂದು ನನ್ನ ಕೈ ಹಿಡಿದರು.

“ಇದು ಜೆರಾಕ್ಸ್ ಅಂಗಡಿಯಾ ಮಾರಾಯ್ತಿ? ಒಳಗೆ ಹೋಗುವುದು ಬೆಳಕಲ್ಲ, ಕಿರಣ. ಮಗುವಿಗೆ ಒಂದೇ ಸಲ. ಎರಡನೇ ಸಲ ಬೇಕಾಯ್ತು ಅಂದ್ರೆ ಅದು ನಮ್ಮ ಸೋಮಾರಿತನ.”

ಮತ್ತೆ ಸೀಸದ ಏಪ್ರನ್ ತೊಟ್ಟುಕೊಂಡು ತಾವೇ ಒಳಗೆ ಹೋದರು. ಮಗುವಿನ ಕಾಲ ಬುಡದಲ್ಲಿ ನಿಂತು, ಎರಡೂ ಹೆಬ್ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡು, ತುಳುವಿನಲ್ಲಿ ಏನೋ ಮಾತು ಶುರುಮಾಡಿದರು. ಅವರ ಮನೆಯ ಬೆಕ್ಕು ದೋಸೆ ಕದ್ದ ಕತೆಯೋ ಏನೋ. ಗಾಜಿನ ಈಚೆ ನನಗೆ ಸರಿಯಾಗಿ ಕೇಳಲಿಲ್ಲ. ಮಗು ಕತೆ ಕೇಳಲು ಕಣ್ಣನ್ನು ಕಾಲಿನ ಕಡೆ ನೆಟ್ಟಿತು, ತಲೆ ಅಲುಗಲಿಲ್ಲ. ತಲೆಯನ್ನು ಗಟ್ಟಿ ಹಿಡಿದರೆ ಮಕ್ಕಳು ಹೆದರುತ್ತಾರೆ, ಕಾಲು ಹಿಡಿದರೆ ಆಟ ಅಂದುಕೊಳ್ಳುತ್ತಾರೆ ಎಂದು ಆಮೇಲೆ ಹೇಳಿದರು. ಅಂದಿನಿಂದ ಮಕ್ಕಳ ಸ್ಕ್ಯಾನ್ ಇದ್ದರೆ ಅವರು ಒಳಗೆ, ನಾನು ಈಚೆ.

ಮಕ್ಕಳಿಗೆ ಬರುವ ಟಿ.ಬಿ.ಯ ಬಗ್ಗೆ ಅವರಿಗೆ ಬೇರೆಯೇ ಒಂದು ಎಚ್ಚರವಿತ್ತು. ಟಿ.ಬಿ. ಎಂದರೆ ಎದೆ, ಕೆಮ್ಮು ಎಂದಷ್ಟೇ ನಾನು ತಿಳಿದಿದ್ದೆ. ಚಿಕ್ಕ ಮಕ್ಕಳಲ್ಲಿ ಅದು ಮಿದುಳಿನ ಪೊರೆಗೆ ಇಳಿಯುತ್ತದೆ. ಬರುವಾಗ ಸದ್ದೇ ಇಲ್ಲ. ಸಣ್ಣ ಜ್ವರ, ಬೆಳಿಗ್ಗೆ ವಾಂತಿ, ಆಟದಲ್ಲಿ ಬೇಸರ, ನಿದ್ದೆ. ಮನೆಯವರು ದೃಷ್ಟಿ ತಾಗಿತೆನ್ನುತ್ತಾರೆ, ಜಂತುಹುಳ ಎನ್ನುತ್ತಾರೆ. ಹೀಗೆ ಎರಡು ತಿಂಗಳು ಕಳೆದು ಬಂದ ಮಗುವಿನ ಚಿತ್ರವೊಂದನ್ನು ನಾವು ನೋಡಿದ್ದೆವು. ಮಿದುಳಿನ ನಡುಭಾಗ ಎರಡೂ ಕಡೆ ರಕ್ತ ಸಿಗದೆ ಸತ್ತುಹೋಗಿತ್ತು. ಅದರ ವರದಿ ಬರೆದು ಮೇಡಂ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ಕೂತರು. ನಾನು ಚಹಾ ತಂದಿಟ್ಟೆ. ಕುಡಿಯಲಿಲ್ಲ.

ಇನ್ನು ಬೆಳ್ತಂಗಡಿಯಾಚೆಯ ಕಕ್ಕಿಂಜೆಯ ಮಗುವಿನ ವಿಷಯ.

ಅದೊಂದು ಗುರುವಾರ. ಬೆಳ್ತಂಗಡಿಯ ಮಕ್ಕಳ ಡಾಕ್ಟರು ಫೋನ್ ಮಾಡಿದರು. ನಾಲ್ಕು ವರ್ಷದ ಹೆಣ್ಣುಮಗು, ಮೂರು ವಾರದಿಂದ ಜ್ವರ ಬಿಡುವುದಿಲ್ಲ, ನಿನ್ನೆಯಿಂದ ಒಂದು ಕಣ್ಣು ಒಳಕ್ಕೆ ಎಳೆದುಕೊಂಡಿದೆ, ಮೇಡಂ ಇವತ್ತು ಮೂಡುಬಿದಿರೆಯಲ್ಲಲ್ಲವಾ, ಅಲ್ಲಿಗೇ ಕಳಿಸುತ್ತಿದ್ದೇನೆ ಎಂದು. ಗುರುವಾಯನಕೆರೆ, ವೇಣೂರು ದಾಟಿ ಒಂದು ಜೀಪು ಬಂತು. ತಾಯಿ, ಅಜ್ಜಿ, ಮಗು. ಜೀಪು ಓಡಿಸಿಕೊಂಡು ಬಂದದ್ದು ತಾಯಿಯ ತಮ್ಮ. ಮಗುವಿನ ತಂದೆ ದುಬೈಯಲ್ಲಿ. ತಾಯಿ ಮಗುವಿನೊಂದಿಗೆ ತವರಿನಲ್ಲಿದ್ದಳು.

ಹತ್ತು ದಿನದ ಹಿಂದೆ ಬೇರೊಂದು ಕಡೆ ತೆಗೆಸಿದ ಸ್ಕ್ಯಾನಿನ ಫಿಲಂ ತಾಯಿಯ ಕೈಯಲ್ಲಿತ್ತು. “ಇದ್ರಲ್ಲಿ ಎಂತ ಇಲ್ಲ ಅಂತ ಬರ್ದಿದ್ದಾರೆ ಮೇಡಂ. ಪುನಃ ಯಾಕೆ?” ಎಂದು ಕೇಳಿದಳು. ಮೇಡಂ ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

“ಸರಿಯಾಗಿಯೇ ಬರ್ದಿದ್ದಾರಮ್ಮ. ಆ ದಿನ ಕಾಣುವುದು ಇಷ್ಟೇ ಇತ್ತು. ಈ ಕಾಯಿಲೆ ಚಿತ್ರಕ್ಕೆ ತಡವಾಗಿ ಬರ್ತದೆ. ಇವತ್ತು ಮದ್ದು ಕೊಟ್ಟು ತೆಗೆಯುವ.”

ಮದ್ದು ಎಂದರೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್. ಎಲ್ಲಿ ಉರಿಯೂತವುಂಟೋ ಅಲ್ಲಿ ಅದು ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ಮಗು ಅರೆನಿದ್ದೆಯಲ್ಲಿತ್ತು, ಮುಟ್ಟಿದರೆ ಚೀರುತ್ತಿತ್ತು. ಮೇಡಂ ಹೆಬ್ಬೆರಳು ಹಿಡಿದು ನಿಂತರು. ಆ ದಿನ ಕತೆಗೆ ಕಿವಿಗೊಡುವ ಸ್ಥಿತಿ ಮಗುವಿಗಿರಲಿಲ್ಲ, ಆದರೂ ಕತೆ ಹೇಳಿದರು.

ಚಿತ್ರ ಪರದೆಗೆ ಬಂದಾಗ ನನ್ನನ್ನು ಹತ್ತಿರ ಕರೆದರು. ಮಿದುಳಿನ ತಳದಲ್ಲಿ ನೀರು ತುಂಬಿರುವ ಒಂದು ಜಾಗವುಂಟು. ಆರೋಗ್ಯವಂತರಲ್ಲಿ ಅದು ಕಪ್ಪು ನಕ್ಷತ್ರದ ಹಾಗೆ ಕಾಣುತ್ತದೆ. ಈ ಮಗುವಿನಲ್ಲಿ ನಕ್ಷತ್ರದ ಅಂಚೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಮೇಲೆ, ಮಿದುಳಿನೊಳಗೆ ನೀರಿರುವ ಕೋಣೆಗಳು ಹಿಗ್ಗಿದ್ದವು. “ತಳದಲ್ಲಿ ದಾರಿ ಕಟ್ಟಿದೆ. ನೀರು ಇಳಿಯಲಿಕ್ಕೆ ಜಾಗ ಇಲ್ಲ” ಎಂದು ಅಲ್ಲಿಂದಲೇ ಬೆಳ್ತಂಗಡಿಗೊಂದು, ಮಂಗಳೂರಿಗೊಂದು ಫೋನ್ ಮಾಡಿದರು. ಬೆನ್ನಿನ ನೀರು ಪರೀಕ್ಷೆ ಮಾಡಿ ಇವತ್ತೇ ಮದ್ದು ಶುರುವಾಗಬೇಕು, ನಾಳೆಗೆ ಇಡಬೇಡಿ ಎಂದರು. ಮತ್ತೆ ಬೆಂಚಿನ ಹತ್ತಿರ ಹೋದರು. ನಾನು ಮಗುವಿನ ಕೈಯ ಸೂಜಿಗೆ ಪಟ್ಟಿ ಸುತ್ತುತ್ತಾ ಅಲ್ಲೇ ಇದ್ದೆ.

“ಮನೆಯಲ್ಲಿ ಯಾರಿಗಾದ್ರೂ ಕೆಮ್ಮು ಉಂಟಾ?”

“ಇಲ್ಲ ಮೇಡಂ,” ಎಂದಳು ತಾಯಿ, ಕೇಳಿ ಮುಗಿಯುವ ಮೊದಲೇ.

“ಬಂದು ಹೋಗುವವರಿಗೆ? ಮಗುವನ್ನು ಎತ್ತಿಕೊಳ್ಳುವವರಿಗೆ?”

“ಯಾರಿಗೂ ಇಲ್ಲ.”

ಅಜ್ಜಿ ನೆಲ ನೋಡುತ್ತಿದ್ದರು. ಮೇಡಂ ಗದರಿಸುತ್ತಾರೆಂದು ನಾನು ಕಾದೆ. ಗದರಿಸಲಿಲ್ಲ. ತಾಯಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. ಕನ್ನಡ ಬಿಟ್ಟು ತುಳುವಿನಲ್ಲಿ ಮಾತಾಡಿದರು. ಆ ಮಾತನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನಾನು ಕಾಲೇಜಿನಲ್ಲಿರುವಾಗ ನನಗೆ ಮೂರು ತಿಂಗಳು ಕೆಮ್ಮಿತ್ತು. ಯಾರಿಗೂ ಹೇಳ್ಲಿಲ್ಲ. ಹಾಸ್ಟೆಲಿನಿಂದ ಕಳಿಸ್ತಾರೆ, ಡಾಕ್ಟ್ರು ಆಗುವುದು ತಪ್ಪಿ ಹೋಗ್ತದೆ ಅಂತ ಹೆದರಿಕೆ. ರಜೆಯಲ್ಲಿ ಮನೆಗೆ ಬಂದೆ. ಅಕ್ಕನ ಮಗಳು ಸಣ್ಣವಳು, ನನ್ನನ್ನು ಬಿಟ್ಟು ಮಲಗ್ತಿರ್ಲಿಲ್ಲ. ನನಗೆ ಬಂದ ಟಿ.ಬಿ.ಯೇ ಅವಳ ತಲೆಗೆ ಹೋಯ್ತು. ಆಗ ನಮ್ಮ ಊರಲ್ಲಿ ಈ ಯಂತ್ರ ಇರ್ಲಿಲ್ಲ. ಗೊತ್ತಾಗುವಾಗ ತಡ ಆಯ್ತು. ಜೀವ ಉಳಿಯಿತು, ಕಿವಿ ಹೋಯ್ತು. ಈಗಲೂ ನಾನು ಹೋದ್ರೆ ಓಡಿ ಬಂದು ಕೈ ಹಿಡೀತಾಳೆ. ನಾನು ಹೆಸರು ಕರೆದ್ರೆ ಅವಳಿಗೆ ಕೇಳುವುದಿಲ್ಲ.”

ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದ ನನಗೂ ಇದು ಗೊತ್ತಿರಲಿಲ್ಲ. ಪಟ್ಟಿ ಸುತ್ತುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

ತಾಯಿ ಸೆರಗಿನಲ್ಲಿ ಬಾಯಿ ಒತ್ತಿಕೊಂಡಳು. “ತಮ್ಮನಿಗೆ ಉಂಟು ಮೇಡಂ,” ಎಂದಳು. “ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದ. ಊರಿಗೆ ಬಂದು ಎರಡು ತಿಂಗಳಾಯ್ತು. ಬಂದಾಗಿನಿಂದ ಕೆಮ್ಮು. ಇವಳು ಅವನ ಹೆಗಲು ಬಿಟ್ಟು ಇಳಿಯುವುದಿಲ್ಲ. ಮುಂದಿನ ತಿಂಗಳು ಅವನಿಗೆ ನಿಶ್ಚಿತಾರ್ಥ. ಹುಡುಗಿ ಮನೆಯವರಿಗೆ ಗೊತ್ತಾದ್ರೆ…”

“ಎಲ್ಲಿದ್ದಾನೆ ಅವನು?”

“ಹೊರಗೆ ಜೀಪಿನಲ್ಲಿ.”

ಮೇಡಂ ಹೊರಗೆ ಹೋದರು. ಬಾಗಿಲ ಎದುರೇ ತೆಂಗಿನ ಮರದ ನೆರಳಲ್ಲಿ ಜೀಪು ನಿಂತಿತ್ತು, ಮಾತು ನನಗೆ ಬೆಂಚಿನವರೆಗೆ ಕೇಳುತ್ತಿತ್ತು. ಇಪ್ಪತ್ತೆಂಟರ ಯುವಕ, ಒಳ್ಳೆಯ ಅಂಗಿ, ಸೊರಗಿದ ಮುಖ. ಅಕ್ಕನೂ ಹಿಂದೆಯೇ ಹೋಗಿದ್ದಳು. ಅವಳ ಮುಖ ನೋಡಿಯೇ ಅವನಿಗೆ ಅರ್ಥವಾಯಿತೆಂದು ಕಾಣುತ್ತದೆ. ಸ್ಟೀರಿಂಗಿನ ಮೇಲೆ ಹಣೆಯಿಟ್ಟು, “ನಾನೇ ಮಾಡಿದ್ದಾ ಇದು?” ಎಂದ.

“ರೋಗಾಣು ಮಾಡಿದ್ದು,” ಎಂದರು ಮೇಡಂ. “ನಿನಗೆ ಗೊತ್ತಿಲ್ಲದೆ ಆಗಿದೆ. ಇನ್ನು ಗೊತ್ತಿದ್ದೂ ಮುಚ್ಚಿಟ್ರೆ, ಅದು ನೀನು ಮಾಡಿದ್ದು. ಇಳಿ. ಎದೆಯ ಎಕ್ಸ್‌ರೇ ತೆಗೆಯುವ. ನಾಳೆ ಸರಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಟ್ಟು ಬಾ. ಮದ್ದು ಅಲ್ಲಿಯೇ ಕೊಡ್ತಾರೆ. ಆರು ತಿಂಗಳು ಒಂದು ದಿನವೂ ಬಿಡದೆ ತಿಂದ್ರೆ ನಿನ್ನದು ವಾಸಿಯಾಗ್ತದೆ. ನಿನ್ನದು ವಾಸಿಯಾಗುವ ಕಾಯಿಲೆ, ತಿಳೀತಾ?”

“ಮದುವೆ?”

“ಹುಡುಗಿ ಮನೆಗೆ ನಾನು ಬರ್ತೇನೆ.”

ಅವರು ಹೋದದ್ದೂ ನಿಜ. ಆ ಭಾನುವಾರ ತಾವೇ ಕಾರು ಓಡಿಸಿಕೊಂಡು ಹೋಗಿದ್ದರಂತೆ. ಅಲ್ಲಿ ಏನು ಮಾತಾಯಿತೆಂದು ನಮಗೆ ಹೇಳಲಿಲ್ಲ. ಹುಡುಗಿಯೇ ಒಳಗಿನಿಂದ ಬಂದು, ಮದ್ದು ಮುಗಿಯುವವರೆಗೆ ಕಾಯುತ್ತೇನೆ ಎಂದಳೆಂದು ಆಮೇಲೆ ಅಜ್ಜಿಯಿಂದ ತಿಳಿಯಿತು. “ಆ ಹುಡುಗಿಗೆ ನಮ್ಮೆಲ್ಲರಿಗಿಂತ ಹೆಚ್ಚು ತಲೆ ಉಂಟು” ಎಂದಷ್ಟೇ ಮೇಡಂ ಹೇಳಿದ್ದು.

ಮಗುವಿಗೆ ಅದೇ ಸಂಜೆ ಮಂಗಳೂರಿನಲ್ಲಿ ಮದ್ದು ಶುರುವಾಯಿತು. ಎರಡು ದಿನದಲ್ಲಿ ತಲೆಯಿಂದ ಹೊಟ್ಟೆಗೆ ಚರ್ಮದ ಅಡಿಯಲ್ಲೇ ಒಂದು ಸಣ್ಣ ಕೊಳವೆ ಹಾಕಿ, ಕಟ್ಟಿದ ನೀರಿಗೆ ದಾರಿ ಮಾಡಿದರು. ಒಂದು ವಾರ ಮಗು ಕಣ್ಣು ಬಿಡಲಿಲ್ಲ. ಮೇಡಂ ಯಾವ ಊರಿನಲ್ಲಿದ್ದರೂ ದಿನಾ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂರುವ ಮೊದಲು ಮಂಗಳೂರಿಗೆ ಫೋನ್ ಮಾಡುತ್ತಿದ್ದರು. ಒಂಬತ್ತನೆಯ ದಿನ ಫೋನಿಟ್ಟು, “ಗಂಜಿ ಬೇಡ, ಚಾಕ್ಲೇಟು ಬೇಕು ಅಂತ ಹೇಳಿದ್ದಂತೆ” ಎಂದು ನಗುತ್ತಾ ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು.

ಅಲ್ಲಿಗೆ ಮುಗಿಯಲಿಲ್ಲ. ಮೂರು ತಿಂಗಳ ನಂತರ ಮತ್ತೆ ಸ್ಕ್ಯಾನಿಗೆ ಬಂದರು. ಮಗು ತಾನೇ ನಡೆದುಕೊಂಡು ಬಂತು. ಎಡಗೈ ಸ್ವಲ್ಪ ಸೋತಿತ್ತು, ಕಣ್ಣು ನೇರವಾಗಿತ್ತು. ನಮಗೆಲ್ಲ ಖುಷಿ. ಆದರೆ ಚಿತ್ರ ನೋಡಿ ನಾನು ಹೆದರಿದೆ. ತಳದ ಬಿಳುಪು ಕಡಿಮೆಯಾಗಿತ್ತು, ಆದರೆ ಮೊದಲು ಇಲ್ಲದ ಕಡೆ ಬಟಾಣಿಯಷ್ಟು ಎರಡು ಬಿಳಿ ಉಂಗುರಗಳು, ಟಿ.ಬಿ.ಯ ಗಂಟುಗಳು, ಹೊಸತಾಗಿ ಬಂದಿದ್ದವು. ಹೊರಗೆ ಬಂದ ನನ್ನ ಮುಖ ನೋಡಿ ತಾಯಿ ಅಳಲು ಶುರುಮಾಡಿದಳು. “ಮದ್ದು ಹಿಡೀಲಿಲ್ಲ ಅಲ್ವಾ? ಮನೆಯಲ್ಲಿ ಎಲ್ಲರೂ ಹೇಳ್ತಾರೆ, ಇಷ್ಟು ಮಾತ್ರೆ ತಿನ್ನಿಸಿದ್ರೆ ಮಗು ಒಣಗಿಹೋಗ್ತದೆ, ನಿಲ್ಲಿಸುವ ಅಂತ.”

ಮೇಡಂ ಮೊದಲು ನನ್ನನ್ನು ಬೈದರು. “ಮುಖದಲ್ಲಿ ವರದಿ ಬರೀಬೇಡ.” ಮತ್ತೆ ಮಗುವನ್ನು ಹತ್ತಿರ ಕರೆದು ಪೆನ್ನು ಕೊಟ್ಟರು. ಮಗು ಸ್ಕ್ಯಾನ್ ಫಾರಂನ ಹಿಂದೆ ಒಂದು ಮನೆ ಬರೆಯಿತು. ಮನೆಗೆ ಎರಡು ಬಾಗಿಲು. ಜ್ವರ ಉಂಟಾ, ವಾಂತಿ ಉಂಟಾ, ತೂಕ ಎಷ್ಟು ಎಂದು ಕೇಳಿದರು. ಜ್ವರವಿಲ್ಲ, ವಾಂತಿಯಿಲ್ಲ, ತೂಕ ಏರಿದೆ.

“ಚಿತ್ರಕ್ಕಿಂತ ಮೊದಲು ಮಗುವನ್ನು ನೋಡಬೇಕು,” ಎಂದು ತಾಯಿಗೆ ಹೇಳಿದರು. “ಮಗು ಸರಿಯಾಗ್ತಾ ಉಂಟು. ಮದ್ದು ಹಿಡಿಯುವಾಗ ಒಮ್ಮೊಮ್ಮೆ ಹೀಗೆ ಆಗ್ತದೆ. ದೇಹಕ್ಕೆ ಈಗ ಶಕ್ತಿ ಬಂದಿದೆ, ಅಡಗಿ ಕೂತದ್ದರ ಮೇಲೆ ಜಗಳಕ್ಕೆ ಹೋಗಿದೆ. ಜಗಳ ಆಗುವಾಗ ಧೂಳು ಏಳ್ತದೆ. ನಾವು ಧೂಳು ನೋಡಿ ಓಡಿಹೋಗುವುದಾ? ಒಂದು ಮಾತ್ರೆಯೂ ನಿಲ್ಲಿಸ್ಬಾರ್ದು. ಊತ ಇಳಿಯುವ ಮದ್ದು ಸ್ವಲ್ಪ ಹೆಚ್ಚು ದಿನ ಕೊಡಬೇಕಾಗ್ಬಹುದು. ಮಂಗಳೂರಿನವರ ಹತ್ತಿರ ಮಾತಾಡಿಯೇ ನಾನು ಇಲ್ಲಿಂದ ಏಳ್ತೇನೆ.”

ತಾಯಿ ನಂಬಿದಳೋ ಇಲ್ಲವೋ, ಮಾತ್ರೆ ಮಾತ್ರ ನಿಲ್ಲಿಸಲಿಲ್ಲ. ಮೇಡಂ ಬೆಳ್ತಂಗಡಿಗೆ ಹೋಗುವ ದಿನಗಳಲ್ಲಿ ಸಂಜೆ ಮನೆಗೆ ಮರಳುವ ಬದಲು ಕಕ್ಕಿಂಜೆಗೆ ಕಾರು ತಿರುಗಿಸಿ, ಮಾತ್ರೆಯ ಪಟ್ಟಿ ನೋಡಿ ಬರುತ್ತಿದ್ದರೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಹೋದರೆ ಅಜ್ಜಿ ಒಂದು ಲೋಟ ಕಷಾಯ ಕೊಡುತ್ತಿದ್ದರಂತೆ. ಮೇಡಂಗೆ ಕಷಾಯ ಸೇರುವುದಿಲ್ಲ. ಅಲ್ಲಿ ಕುಡಿಯುತ್ತಿದ್ದರಂತೆ.

ವರ್ಷ ತುಂಬುವಾಗ ತೆಗೆದ ಚಿತ್ರದಲ್ಲಿ ಉಂಗುರಗಳು ಇರಲಿಲ್ಲ. ಒಂದರ ಜಾಗದಲ್ಲಿ ಸಾಸಿವೆಯಷ್ಟು ಕಲೆ, ಅಷ್ಟೇ. ಮಾಮನ ಮದುವೆಯೂ ಆಗಿತ್ತು. ಮಗು ಈಗ ಎರಡನೇ ತರಗತಿ. ಎಡಗೈಯಲ್ಲಿ ಬಕೆಟ್ ಎತ್ತಲು ಆಗುವುದಿಲ್ಲ, ಲೆಕ್ಕ ಸ್ವಲ್ಪ ನಿಧಾನ. ಆದರೆ ತರಗತಿಯಲ್ಲಿ ಅತಿ ಹೆಚ್ಚು ಮಾತಾಡುವವಳು ಇವಳೇ ಎಂದು ಟೀಚರರ ದೂರು. ಆ ದೂರನ್ನು ಫೋನಿನಲ್ಲಿ ಕೇಳಿದ ದಿನ ಮೇಡಂ ನಮಗೆಲ್ಲ ಗೋಳಿಬಜೆ ತರಿಸಿದರು.

ಅವರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಬೇರೆ ಯಾರೂ ಬರಲಿಲ್ಲ. ಈಗ ಚಿತ್ರಗಳು ಇಂಟರ್‌ನೆಟ್ಟಿನಲ್ಲಿ ಬೆಂಗಳೂರಿಗೆ ಹೋಗುತ್ತವೆ. ಅಲ್ಲೊಬ್ಬರು ಡಾಕ್ಟರು ಓದಿ ವರದಿ ಕಳಿಸುತ್ತಾರೆ. ಒಳ್ಳೆಯವರೇ. ಎಷ್ಟು ಊರಿನ ಚಿತ್ರ ಅವರೊಬ್ಬರ ಮುಂದೆ ಬಂದು ಬೀಳುತ್ತದೋ.

ಕಳೆದ ತಿಂಗಳು ತೋಡಾರಿನಿಂದ ಎರಡು ವರ್ಷದ ಒಂದು ಮಗುವನ್ನು ತಂದರು. ಹದಿನೈದು ದಿನದ ಜ್ವರ. ಅರ್ಧ ಗಂಟೆಯಲ್ಲಿ ವರದಿ ಬಂತು: ವಿಶೇಷವೇನೂ ಇಲ್ಲ. ನನಗೆ ಸಮಾಧಾನವಾಗಲಿಲ್ಲ. ಮಿದುಳಿನ ನೀರಿನ ಕೋಣೆಗಳ ಕೆಳತುದಿ, ಕಿವಿಯ ಮೇಲ್ಭಾಗದಲ್ಲಿ, ಈ ವಯಸ್ಸಿಗೆ ಗೆರೆಯಷ್ಟು ತೆಳ್ಳಗಿರಬೇಕು. ಇಲ್ಲಿ ನೀರು ಕಟ್ಟತೊಡಗಿದ ಹಾಗೆ ಸ್ವಲ್ಪ ದುಂಡಗಾಗಿತ್ತು. ನಾನು ಡಾಕ್ಟರಲ್ಲ. ನಾನು ಹೇಳಿದರೆ ಯಾರು ಕೇಳುತ್ತಾರೆ? ಹಿಂದಿನ ಬಾಗಿಲ ಹತ್ತಿರ ಹೋಗಿ ಮೇಡಂಗೆ ಫೋನ್ ಮಾಡಿದೆ.

“ಬಂಗುಡೆ ಕೊಯ್ತಾ ಇದ್ದೇನೆ, ಬೇಗ ಹೇಳು.”

“ಒಂದು ಚಿತ್ರ ಕಳಿಸ್ಲಾ ಮೇಡಂ?”

“ಬೇಡ. ನನ್ನ ಕೈಯೆಲ್ಲ ಮೀನು. ನೀನು ನೋಡಿದ್ದೀಯಲ್ಲ, ಎಂತ ಕಂಡಿತು ಹೇಳು.”

ಹೇಳಿದೆ.

“ಒಂದು ಕಡೆಯಾ, ಎರಡೂ ಕಡೆಯಾ?”

“ಎರಡೂ ಕಡೆ.”

“ಮಗು ಹೇಗೆ ಉಂಟು?”

“ಎಚ್ಚರ ಉಂಟು. ನೀರು ಕೇಳ್ತಾ ಉಂಟು.”

“ಹಾಗಾದ್ರೆ ಇನ್ನೂ ಹೊತ್ತು ಉಂಟು. ನನ್ನ ಹತ್ತಿರ ಎಂತ ಮಾತಾಡ್ತಾ ನಿಂತಿದ್ದೀ ಮಾರಾಯ್ತಿ? ಆ ವರದಿ ಬರೆದ ಡಾಕ್ಟ್ರಿಗೆ ಫೋನ್ ಮಾಡು. ನೀನು ನನಗೆ ಹೇಳಿದ್ದನ್ನೇ ಹೇಳು.”

ಫೋನ್ ಇಟ್ಟುಬಿಟ್ಟರು. ವರದಿಯ ಕೆಳಗಿದ್ದ ನಂಬರಿಗೆ ನಾನು ಕರೆ ಮಾಡಿದೆ. ಮೂಡುಬಿದಿರೆಯ ಟೆಕ್ನೀಶಿಯನ್ ಎಂದೆ, ಮೇಡಂಗೆ ಹೇಳಿದ್ದನ್ನೇ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. “ಒಂದ್ನಿಮಿಷ ಇರಿ, ತೆಗೀತಾ ಇದೀನಿ” ಎಂದರು. ಮೌಸಿನ ಸದ್ದು ಕೇಳುತ್ತಿತ್ತು. ಒಂದೊಂದೇ ಚಿತ್ರ ದಾಟಿಸುತ್ತಾ ಹೋದರು, ನಿಂತರು, ಹಿಂದಕ್ಕೆ ಬಂದರು.

“ನೀವು ಹೇಳಿದ್ದು ಸರಿ. ಕಾಂಟ್ರಾಸ್ಟ್ ಕೊಟ್ಟು ಇವತ್ತೇ ನೋಡ್ಬೇಕು,” ಎಂದರು. “ಮಗು ಹೊರಟುಹೋಯ್ತಾ?”

“ಇಲ್ಲ ಸರ್,” ಎಂದೆ. “ನಾನು ಹೋಗ್ಲಿಕ್ಕೆ ಬಿಡ್ಲಿಲ್ಲ.”